ಗಣಿ ಮುಚ್ಚಿದ ಜಾಗದಲ್ಲಿ ಕಾಡು: ಗಿಡಕ್ಕಿಂತ ಮೊದಲು ನೆಲ ನೋಡಿ

ಬಿಫೋರ್-ಆಫ್ಟರ್ ಫೋಟೋಗಳನ್ನ ನೀವೂ ನೋಡಿರ್ತೀರ. ಎಡಗಡೆ ಕಪ್ಪು ಗುಡ್ಡೆ, ಕೆಸರು, ತುಕ್ಕು ಹಿಡಿದ ಗಣಿ ಗೋಪುರ. ಬಲಗಡೆ ಅದೇ ಜಾಗದಲ್ಲಿ ಹಸಿರು ಮರಗಳು, ಒಂದು ಕೆರೆ, ಸೈಕಲ್ ಹೊಡೀತಿರೋ ಮಕ್ಕಳು. ಕೆಳಗೆ "ಪ್ರಕೃತಿ ತಾನೇ ವಾಪಸ್ ಬಂತು" ಅಂತ ಒಂದು ಸಾಲು. ಅದು ಅರ್ಧ ಮಾತ್ರ ನಿಜ. ಆ ಬಲಗಡೆ ಫೋಟೋ ಹಿಂದೆ ನೆಲ ಬಿಡಿಸಿದ ಯಂತ್ರಗಳಿವೆ, ಡಿಸೆಂಬರ್ ಚಳೀಲಿ ಬೆರಳು ಮರಗಟ್ಟೋವರೆಗೂ ಸಸಿ ನೆಟ್ಟ ಜನ ಇದ್ದಾರೆ, ಹತ್ತಾರು ವರ್ಷದ ಮೀಟಿಂಗುಗಳಿವೆ, ದುಡ್ಡಿನ ಜಗಳ ಇದೆ. ಅದನ್ನೆಲ್ಲ ಬಿಟ್ಟು ಬರೀ ಫೋಟೋ ನೋಡಿದ್ರೆ "ಗಣಿ ಮುಗೀತಾ, ಸಸಿ ನೆಡಿ, ಕಾಡು ಆಗುತ್ತೆ" ಅನ್ನಿಸಿಬಿಡುತ್ತೆ. ಹಂಗಾಗಲ್ಲ. ನಾನು ಈಗ ಇರೋದು ಇಂಗ್ಲೆಂಡಿನ ಮಿಡ್ಲ್ಯಾಂಡ್ಸ್ ಕಡೆ, ಹಳೇ ಕಲ್ಲಿದ್ದಲು ಗಣಿ ಜಾಗದಲ್ಲಿ ಬೆಳೆದಿರೋ ಒಂದು ಕಾಡಲ್ಲಿ ವಾಲಂಟಿಯರ್ ಗುಂಪಿನ ಜೊತೆ ಕೆಲಸ ಮಾಡ್ತೀನಿ, ಅಲ್ಲಿ ನೋಡಿದ್ದು ಕೇಳಿದ್ದು, ಆಮೇಲೆ ಕುತೂಹಲಕ್ಕೆ ಓದಿದ್ದು ಎಲ್ಲ ಸೇರಿಸಿ ಇದನ್ನ ಬರೀತಿದ್ದೀನಿ.

ಮೊದಲು ಗಣಿ ಏನು ಬಿಟ್ಟು ಹೋಗುತ್ತೆ ಅಂತ ನೋಡೋಣ. ಸುರಂಗದ ಗಣಿ ಆದ್ರೆ ಕಲ್ಲಿದ್ದಲ ಜೊತೆ ಮೇಲೆ ಬಂದ ಕಲ್ಲು, ಶೇಲ್, ಜೇಡಿ ಎಲ್ಲ ಪಕ್ಕದಲ್ಲೇ ಸುರಿದು ಗುಡ್ಡೆ ಆಗಿರುತ್ತೆ. ಅದು ಮಣ್ಣಲ್ಲ. ಅದರಲ್ಲಿ ಕೊಳೆತ ಎಲೆ ಇಲ್ಲ, ಎರೆಹುಳು ಇಲ್ಲ, ಸಾರಜನಕ ಅಂತೂ ಇಲ್ಲವೇ ಇಲ್ಲ. ಪೈರೈಟ್ ಅನ್ನೋ ಗಂಧಕ-ಕಬ್ಬಿಣದ ಖನಿಜ ಇರುತ್ತೆ, ಅದಕ್ಕೆ ಗಾಳಿ ನೀರು ತಾಗಿದ ಕೂಡಲೇ ಆಮ್ಲ ಹುಟ್ಟುತ್ತೆ, ಕೆಲವು ಕಡೆ ಎಷ್ಟು ಹುಳಿ ಅಂದ್ರೆ ಹುಲ್ಲೂ ಹುಟ್ಟಲ್ಲ. ಕಪ್ಪು ಬಣ್ಣ ಬೇರೆ, ಬೇಸಿಗೇಲಿ ಮೇಲ್ಮೈ ಕಾದು ಎಳೇ ಸಸಿ ಸುಟ್ಟು ಹೋಗುತ್ತೆ. ಒಳಗೆ ಉಳಿದ ಕಲ್ಲಿದ್ದಲಿಗೆ ತಾನೇ ಬೆಂಕಿ ಹತ್ತಿ ವರ್ಷಗಟ್ಟಲೆ ಹೊಗೆಯಾಡಿದ ಗುಡ್ಡೆಗಳೂ ಉಂಟು.

ಇಂಥಾ ಗುಡ್ಡೆ ಜನರ ಮನೆ ಮೇಲ್ಗಡೆನೇ ನಿಂತಿರ್ತಿತ್ತು. ವೇಲ್ಸಿನ ಆಬರ್‌ಫ್ಯಾನ್ ಊರಲ್ಲಿ 1966ರ ಅಕ್ಟೋಬರ್ 21ರ ಬೆಳಿಗ್ಗೆ ಅದು ಕುಸಿದು ಕೆಳಗಿದ್ದ ಶಾಲೆ ಮೇಲೆ ಬಂತು. ಸತ್ತವರು 144 ಜನ, ಅದರಲ್ಲಿ 116 ಮಕ್ಕಳು. ನೀರಿನ ಒರತೆ ಮೇಲೆ ಗುಡ್ಡೆ ಸುರಿದಿದ್ರು, ಊರವರು ಮುಂಚೆನೇ ದೂರು ಕೊಟ್ಟಿದ್ರು. ಉಳಿದ ಗುಡ್ಡೆಗಳನ್ನ ತೆಗೀರಿ ಅಂತ ಊರು ಕೇಳಿದಾಗ, ಸತ್ತ ಮಕ್ಕಳ ಹೆಸರಲ್ಲಿ ಜಗತ್ತೆಲ್ಲ ಕಳಿಸಿದ್ದ ನಿಧಿಯಿಂದಲೇ 150,000 ಪೌಂಡ್ ಕಿತ್ಕೊಂಡ್ರು, ಅದನ್ನ ಸರ್ಕಾರ ವಾಪಸ್ ಕೊಟ್ಟಿದ್ದು 1997ರಲ್ಲಿ. ಈಗಲೂ ಇದನ್ನ ಬರೆಯುವಾಗ ಹೊಟ್ಟೆ ಉರಿಯುತ್ತೆ. ಆ ದುರಂತ ಆದ ಮೇಲೇ 1969ರಲ್ಲಿ ಗುಡ್ಡೆಗಳ ಸುರಕ್ಷತೆಗೆ ಕಾನೂನು ಬಂತು, ಹಳೇ ಗಣಿ ಜಾಗ ಸರಿ ಮಾಡೋ ಕೆಲಸಕ್ಕೆ ಸರ್ಕಾರದ ದುಡ್ಡು ದೊಡ್ಡದಾಗಿ ಹರಿಯೋಕೆ ಶುರು ಆಯ್ತು. ಈಗ ಹಸಿರು ಪಾರ್ಕ್ ಅಂತ ಓಡಾಡೋ ಎಷ್ಟೋ ಜಾಗಗಳ ಹಿಂದೆ ಈ ಭಯ ಇದೆ, ಗುಡ್ಡೆ ತಗ್ಗಿಸಿದ್ದು ಅಂದಕ್ಕೆ ಅಲ್ಲ, ಜೀವ ಉಳಿಸೋಕೆ.

ಹಂಗಂತ ಗಣಿ ಗುಡ್ಡೆ ಮೇಲೆ ಮರ ಬೆಳೆಸೋ ಯೋಚನೆ ಹೊಸದೇನಲ್ಲ. ಬರ್ಮಿಂಗ್‌ಹ್ಯಾಮ್ ಪಕ್ಕದ ಬ್ಲ್ಯಾಕ್ ಕಂಟ್ರಿ ಅನ್ನೋ ಪ್ರದೇಶದಲ್ಲಿ 1903ರಲ್ಲೇ ಮಿಡ್ಲ್ಯಾಂಡ್ ರೀಅಫಾರೆಸ್ಟಿಂಗ್ ಅಸೋಸಿಯೇಷನ್ ಅಂತ ಒಂದು ಸಂಘ ಕಟ್ಟಿ, ಗುಡ್ಡೆಗಳ ಮೇಲೆ ಆಲ್ಡರ್, ಬರ್ಚ್ ಎಲ್ಲ ನೆಟ್ಟಿದ್ರು. ಆಗ ಗಣಿಗಳು ಇನ್ನೂ ಹೊಗೆ ಉಗುಳ್ತಿದ್ದ ಕಾಲ. ಆ ಜನ ಏನು ಕನಸು ಕಂಡಿರಬಹುದು ಅಂತ ನಾನು ಆಗಾಗ ಯೋಚಿಸ್ತೀನಿ.

ಈಗ ನಿಜವಾದ ವಿಷಯಕ್ಕೆ ಬರ್ತೀನಿ, ಅಂದ್ರೆ ನೆಲ. ಓಪನ್‌ಕಾಸ್ಟ್, ಅಂದ್ರೆ ಸುರಂಗ ಇಲ್ಲದೆ ಮೇಲಿಂದಲೇ ನೆಲ ತೋಡೋ ಗಣಿ, ಮುಗಿದ ಮೇಲೆ ಗುಂಡಿ ಮುಚ್ತಾರೆ, ಎತ್ತಿಟ್ಟ ಮೇಲ್ಮಣ್ಣು ಹರಡ್ತಾರೆ, ಸಮ ಮಾಡ್ತಾರೆ, ನೋಡೋಕೆ ನೀಟಾಗಿ ಕಾಣುತ್ತೆ. ಸಮಸ್ಯೆ ಅಲ್ಲೇ ಇರೋದು. ಆ ಸಮ ಮಾಡೋ ಹೊತ್ತಲ್ಲಿ ಹತ್ತಾರು ಟನ್ ಭಾರದ ಡಂಪರ್, ಬುಲ್ಡೋಜರ್ ಮತ್ತೆ ಮತ್ತೆ ಓಡಾಡಿ ಮಣ್ಣಿನ ಒಳಗಿದ್ದ ಗಾಳಿ ಜಾಗ ಎಲ್ಲ ಅದುಮಿ ಹೋಗಿರುತ್ತೆ. ಮಳೆಗಾಲ ಚಳಿಗಾಲದಲ್ಲಿ ನೀರು ಇಂಗದೆ ಮೇಲೇ ನಿಲ್ಲುತ್ತೆ, ಬೇರು ಉಸಿರುಗಟ್ಟುತ್ತೆ, ಬೇಸಿಗೇಲಿ ಅದೇ ಮಣ್ಣು ಗಟ್ಟಿಯಾಗಿ ಗುದ್ದಲಿ ಎಗರುತ್ತೆ. ಬೇರು ಕೆಳಗೆ ಇಳಿಯೋಕೆ ಆಗದೆ ಅಡ್ಡಡ್ಡ ಹರಡುತ್ತೆ, ಮರ ಒಂದಾಳೆತ್ತರ ಆಗಿ ಅಲ್ಲೇ ನಿಂತುಬಿಡುತ್ತೆ, ಸ್ವಲ್ಪ ಎತ್ತರ ಬಂದ್ರೂ ಜೋರು ಗಾಳಿಗೆ ಬುಡ ಸಮೇತ ಉರುಳುತ್ತೆ. ನಾವು ಕೆಲಸ ಮಾಡೋ ಕಾಡಲ್ಲೇ ಒಂದು ಮೂಲೆ ಹೀಗಿದೆ. ಒಂದೇ ಸಲ ನೆಟ್ಟ ಸಸಿಗಳು, ಒಂದೇ ನರ್ಸರಿ, ಆದ್ರೆ ದಾರಿಯ ಈ ಕಡೆ ಕತ್ತೆತ್ತಿ ನೋಡ್ಬೇಕಾದ ಮರ, ಆ ಕಡೆ ನನ್ನ ಭುಜದಷ್ಟು. ಆ ಕಡೆ ಹಿಂದೆ ಲಾರಿ ಓಡಾಡ್ತಿದ್ದ ಜಾಗ ಅಂತ ಗುಂಪಿನ ಹಿರಿಯರೊಬ್ಬರು ಹೇಳಿದ್ರು, ಅವರು ಅದೇ ಗಣಿಯಲ್ಲಿ ಇಳಿದು ದುಡಿದವರು.

ಇದಕ್ಕೆ ಪರಿಹಾರ ಗೊತ್ತಿಲ್ಲ ಅಂತೇನಿಲ್ಲ. ಬ್ರಿಟನ್ನಿನ ಅರಣ್ಯ ಸಂಶೋಧಕರು ಹೇಳೋದು ಕನಿಷ್ಠ ಒಂದು ಮೀಟರ್ ಆಳ ಬೇರು ಇಳಿಯೋ ಹಂಗಿರ್ಬೇಕು ಅಂತ. ಅದಕ್ಕೆ ಒಳ್ಳೇ ದಾರಿ ಮಣ್ಣನ್ನ ಸಡಿಲವಾಗಿ ಸುರಿಯೋದು, ಅಂದ್ರೆ ಡಂಪರ್ ಬಂದು ಮಣ್ಣು ಸುರಿದು ಹೋಗುತ್ತೆ, ಹಿಟಾಚಿ ಕೆಳಗಿನ ಪದರದ ಮೇಲೇ ನಿಂತು ಕೈ ಚಾಚಿ ಅದನ್ನ ಹರಡ್ತಾ ಹಿಂದೆ ಹಿಂದೆ ಸರಿಯುತ್ತೆ, ಹರಡಿದ ಹೊಸ ಮಣ್ಣಿನ ಮೇಲೆ ಒಂದು ಚಕ್ರವೂ ಹೋಗಲ್ಲ. ನೋಡೋಕೆ ಉಬ್ಬು ತಗ್ಗು, ಒರಟೊರಟು, ಕಾಂಟ್ರಾಕ್ಟರ್‌ಗೆ ನಾಚಿಕೆ ಆಗೋ ಥರ ಇರುತ್ತೆ. ಮರಕ್ಕೆ ಅದೇ ಬೇಕಾಗಿರೋದು! ಆಗ್ಲೇ ಗಟ್ಟಿಯಾಗಿರೋ ಜಾಗ ಆದ್ರೆ ಬುಲ್ಡೋಜರ್ ಹಿಂದೆ ಉದ್ದನೆ ಉಕ್ಕಿನ ಹಲ್ಲು ಕಟ್ಟಿ ಆಳಕ್ಕೆ ಸೀಳ್ತಾರೆ, ಅದು ಎರಡನೇ ದಾರಿ, ಸೀಳಿದ್ದು ಕೆಲವು ಕಡೆ ಮತ್ತೆ ಕೂತುಬಿಡುತ್ತೆ.

ಅಮೆರಿಕದ ಅಪಲೇಚಿಯಾ ಬೆಟ್ಟಗಳಲ್ಲೂ ಇದೇ ಕಥೆ. ಅಲ್ಲಿ 1977ರಲ್ಲಿ ಗಣಿ ಜಾಗ ಸರಿ ಮಾಡಲೇಬೇಕು ಅಂತ ಒಳ್ಳೇ ಕಾನೂನು ಬಂತು, ಆದ್ರೆ ಜನ ಹೆದರಿದ್ದು ಭೂಕುಸಿತಕ್ಕೆ, ಮಣ್ಣು ಕೊಚ್ಚಿ ಹೋಗೋದಕ್ಕೆ, ಅದಕ್ಕೆ ಕಂಪನಿಗಳು ಮಣ್ಣನ್ನ ಬಿಗಿಯಾಗಿ ತುಳಿದು ದಟ್ಟ ಹುಲ್ಲು ಬಿತ್ತಿ ಕೈ ತೊಳ್ಕೊಂಡ್ವು. ಕಾಡಿದ್ದ ಬೆಟ್ಟ ಹುಲ್ಲುಗಾವಲಾಗಿ ಉಳೀತು. 2004ರಲ್ಲಿ ಶುರುವಾದ ಒಂದು ಸರ್ಕಾರಿ ಯೋಜನೆ ಐದು ಹೆಜ್ಜೆಯ ವಿಧಾನ ಮುಂದಿಟ್ಟಿತು, ಅದರಲ್ಲಿ ಮೊದಲನೇದು ನಾಲ್ಕು ಅಡಿ ಆಳದಷ್ಟು ಒಳ್ಳೇ ಮಣ್ಣು, ಎರಡನೇದು ಅದನ್ನ ತುಳೀಬೇಡಿ. ಗಿಡ ನೆಡೋದು ಬರೋದು ಕೊನೇಲಿ. ನಂಗೆ ಈ ಅನುಕ್ರಮ ತುಂಬಾ ಇಷ್ಟ.

ನೆಲ ಸರಿಯಾದ ಮೇಲೆ ಯಾವ ಮರ? ಮೊದಲು ಬರೋದು ಆಲ್ಡರ್ ಮತ್ತೆ ಬರ್ಚ್. ಆಲ್ಡರ್ ಬೇರಿನ ಗಂಟಲ್ಲಿ ಫ್ರಾಂಕಿಯಾ ಅನ್ನೋ ಬ್ಯಾಕ್ಟೀರಿಯಾ ಇರುತ್ತೆ, ಗಾಳಿಯ ಸಾರಜನಕ ಹಿಡಿದು ಮಣ್ಣಿಗೆ ಕೊಡುತ್ತೆ, ನಮ್ಮಲ್ಲಿ ಹುರುಳಿ ಹಾಕಿದ ಹೊಲಕ್ಕೆ ಸತ್ವ ಬರುತ್ತಲ್ಲ ಹಂಗೆ. ಅದರ ಎಲೆ ಉದುರಿ ಉದುರಿ ಮೊದಲ ಸಲ ಅಲ್ಲಿ ಕಪ್ಪು ಮಣ್ಣು ಅಂತ ಒಂದು ತೆಳು ಪದರ ಹುಟ್ಟುತ್ತೆ. ಅದರ ಆಸರೇಲಿ ಓಕ್, ಚೆರ್ರಿ, ಹೇಝಲ್ ಮೇಲೇಳ್ತವೆ. ಒಂದೇ ಜಾತಿ ಮೇಲೆ ಭಾರ ಹಾಕಬಾರದು ಅನ್ನೋದನ್ನ ಇಲ್ಲಿ ಆಶ್ ಮರ ಕಲಿಸ್ತು. ಬೇಗ ಬೆಳೆಯುತ್ತೆ ಅಂತ 90ರ ದಶಕದಲ್ಲಿ ಆಶ್ ತುಂಬಾ ಕಡೆ ನೆಟ್ಟಿದ್ರು, 2012ರಲ್ಲಿ ಆಶ್ ಒಣಗು ರೋಗ ಬ್ರಿಟನ್ನಿನಲ್ಲಿ ಪತ್ತೆ ಆಯ್ತು, ಈಗ ದಾರಿ ಪಕ್ಕದ ಆಶ್ ಮರಗಳೆಲ್ಲ ತುದಿಯಿಂದ ಬೋಳಾಗ್ತಾ ಬರ್ತಿವೆ, ಜನರ ತಲೆ ಮೇಲೆ ಬೀಳಬಾರದು ಅಂತ ಕಡಿಯೋದೇ ಒಂದು ಕೆಲಸ.

ನೆಡೋ ಕೆಲಸದ ಬಗ್ಗೆ ಒಂದು ಮಾತು. ನವೆಂಬರಿಂದ ಮಾರ್ಚ್ ಒಳಗೆ, ಸಸಿ ನಿದ್ದೆಯಲ್ಲಿರುವಾಗ, ಮಣ್ಣಿಲ್ಲದ ಬರೀ ಬೇರಿನ ಮೊಣಕಾಲುದ್ದದ ಕಡ್ಡಿಗಳು ಚೀಲದಲ್ಲಿ ಬರ್ತವೆ. ಸನಿಕೆಯಲ್ಲಿ ನೆಲ ಸೀಳು, ಬೇರು ಇಳಿಸು, ಹಿಮ್ಮಡಿಯಲ್ಲಿ ಒತ್ತು, ಮೊಲ ಜಿಂಕೆ ತಿನ್ನದ ಹಂಗೆ ಕೊಳವೆ ಹಾಕು. ಬೇರು ಐದು ನಿಮಿಷ ಗಾಳಿಗೆ ಒಣಗಿದ್ರೂ ಸಸಿ ಸಾಯಬಹುದು, ಅದಕ್ಕೆ ಚೀಲದ ಬಾಯಿ ಮುಚ್ಚಿಡಿ ಅಂತ ಮಕ್ಕಳಿಗೆ ಹೇಳಿ ಹೇಳಿ ಗಂಟಲು ಹೋಗುತ್ತೆ. ನೆಡೋ ದಿನ ಜನ ತುಂಬಾ ಬರ್ತಾರೆ. ಅದೇ ಜುಲೈನಲ್ಲಿ ಸಸಿ ಬುಡದ ಹುಲ್ಲು ಕೀಳೋಕೆ ಬನ್ನಿ ಅಂದ್ರೆ ಬರೋರು ಬೆರಳೆಣಿಕೆ, ಮೊದಲ ಎರಡು ಮೂರು ಬೇಸಿಗೆ ಸಸಿ ಬದುಕೋದು ಸಾಯೋದು ನಿರ್ಧಾರ ಆಗೋದು ಮಾತ್ರ ಅದರ ಮೇಲೇ.

ಈಗ ನ್ಯಾಷನಲ್ ಫಾರೆಸ್ಟ್ ಬಗ್ಗೆ ಹೇಳದೆ ಇರೋಕಾಗಲ್ಲ. ಲೆಸ್ಟರ್‌ಶೈರ್, ಡಾರ್ಬಿಶೈರ್, ಸ್ಟಾಫರ್ಡ್‌ಶೈರ್ ಮೂರೂ ಜಿಲ್ಲೆಗಳಲ್ಲಿ ಹರಡಿರೋ 200 ಚದರ ಮೈಲಿಯಲ್ಲಿ ಹೊಸದಾಗಿ ಕಾಡು ಬೆಳೆಸೋ ಯೋಜನೆ ಇದು. 1990ರಲ್ಲಿ ಈ ಜಾಗ ಆರಿಸಿದಾಗ ಇಲ್ಲಿ ಮರದ ಹೊದಿಕೆ ಶೇಕಡಾ 6 ಅಷ್ಟೇ, ನಡುವಿನ ಆಶ್ಬಿ ವೋಲ್ಡ್ಸ್ ಕಡೆ ಕಲ್ಲಿದ್ದಲು ಮತ್ತೆ ಜೇಡಿಮಣ್ಣಿನ ಗುಂಡಿಗಳು, ಗಣಿಗಳು ಒಂದೊಂದಾಗಿ ಬಾಗಿಲು ಹಾಕಿ ಕೆಲಸ ಹೋದ ಊರುಗಳು. ಇವತ್ತು ಆ ಹೊದಿಕೆ ಶೇಕಡಾ 20 ದಾಟಿದೆ, 90 ಲಕ್ಷಕ್ಕೂ ಹೆಚ್ಚು ಮರ ನೆಟ್ಟಿದ್ದಾರೆ. 1995ರಲ್ಲಿ ಹುಟ್ಟಿದ ನ್ಯಾಷನಲ್ ಫಾರೆಸ್ಟ್ ಕಂಪನಿ ಮಾಡಿದ ಜಾಣ ಕೆಲಸ ಅಂದ್ರೆ ಜಮೀನೆಲ್ಲ ಕೊಂಡ್ಕೊಳ್ಳೋಕೆ ಹೋಗದೆ, ರೈತರನ್ನ, ಭೂಮಾಲೀಕರನ್ನ ಕರೆದು "ನಿಮ್ಮ ಜಾಗದಲ್ಲಿ ಕಾಡು ಮಾಡೋಕೆ, ಜನರಿಗೆ ಓಡಾಡೋಕೆ ಬಿಡೋಕೆ ಎಷ್ಟು ದುಡ್ಡು ಬೇಕು, ನೀವೇ ಹೇಳಿ" ಅಂತ ಟೆಂಡರ್ ಕರೆದಿದ್ದು. ಹಂಗಾಗಿ ಇದು ಬೇಲಿ ಹಾಕಿದ ಒಂದು ದೊಡ್ಡ ಕಾಡಲ್ಲ, ಊರು, ಹೊಲ, ಕಾಲುವೆ, ತೋಪು ಎಲ್ಲ ಹೆಣೆದುಕೊಂಡಿರೋ ಸೀಮೆ.

ಮೊಯ್ರಾ ಊರಲ್ಲಿ ಹಳೇ ರಾಡನ್ ಗಣಿ ಇದ್ದ ಕಡೆ ಈಗ ಕಾಂಕರ್ಸ್ ಅನ್ನೋ, ಕಾಡಿನ ಬಗ್ಗೆ ಆಡ್ತಾ ಕಲಿಯೋ ಕೇಂದ್ರ ಇದೆ, ಶಾಲೆ ಮಕ್ಕಳ ಬಸ್ಸು ಸಾಲು ನಿಂತಿರುತ್ತೆ. ಪಕ್ಕದ ಡಾನಿಸ್ತೋರ್ಪ್ ಗಣಿಯ ಜಾಗ ಕಾಡಾಗಿದೆ. ಕಲ್ಲಿದ್ದಲು ಸಾಗಿಸ್ತಿದ್ದ ರೈಲು ಹಳಿ ಕಿತ್ತು ಹೋದ ದಾರಿ ಈಗ ನಡೆಯೋರ, ಸೈಕಲ್ಲಿನವರ ದಾರಿ, ಅಜ್ಜ ಅಜ್ಜಿ ವೀಲ್‌ಚೇರಲ್ಲೂ ಹೋಗ್ಬಹುದಾದಷ್ಟು ಸಮ. ಇಬ್ಸ್ಟಾಕ್ ಹತ್ರ ಸೆನ್ಸ್ ವ್ಯಾಲಿಯಲ್ಲಿ ಓಪನ್‌ಕಾಸ್ಟ್ ಗುಂಡಿ ಇದ್ದ ಕಡೆ ಕೆರೆಗಳಿವೆ, ದಡದಲ್ಲಿ ಸ್ಯಾಂಡ್ ಮಾರ್ಟಿನ್ ಹಕ್ಕಿಗಳಿಗೆ ಗೂಡು ಕಟ್ಟೋಕೆ ತೂತಿನ ಗೋಡೆ ಕಟ್ಟಿ ಕೊಟ್ಟಿದ್ದಾರೆ.

ಆದ್ರೆ ಜನರನ್ನ ಕೇಳದೆ ಮಾಡಿದ ಹಸಿರು ಜಾಗ ನಿಲ್ಲಲ್ಲ. ಇದಕ್ಕೆ ನಂಗೆ ಇಷ್ಟವಾದ ಉದಾಹರಣೆ ಸೇಂಟ್ ಹೆಲೆನ್ಸ್ ಊರಿನ ಸಟನ್ ಮ್ಯಾನರ್. ಗಣಿ 1991ರಲ್ಲಿ ಮುಚ್ಚಿತು, ಗುಡ್ಡೆ ಮೇಲೆ ಕಾಡು ಬೆಳೆಸಿದ್ರು, ತುದೀಲಿ ಒಂದು ಶಿಲ್ಪ ನಿಲ್ಲಿಸೋಣ ಅಂತ ಆಯ್ತು. ಸ್ಪೇನಿನ ಕಲಾವಿದ ಜೌಮೆ ಪ್ಲೆನ್ಸಾ ಮೊದಲು ತಂದ ಯೋಚನೆ ಗಣಿ ದೀಪದ್ದು. ಅಲ್ಲಿ ದುಡಿದಿದ್ದ ಹಳೇ ಗಣಿಗಾರರು ಬೇಡ ಅಂದ್ರು, ಹಿಂದಿನದನ್ನಲ್ಲ, ಮುಂದಿನದನ್ನ ನೋಡೋ ಥರದ್ದು ಮಾಡಿ ಅಂತ ಕೇಳಿದ್ರು. ಆ ಮಾತಿನಿಂದ ಹುಟ್ಟಿದ್ದು 2009ರಲ್ಲಿ ನಿಂತ 20 ಮೀಟರ್ ಎತ್ತರದ ಬಿಳೀ ಹುಡುಗಿ ಮುಖ, ಕಣ್ಣು ಮುಚ್ಚಿದೆ, ಹೆಸರು ಡ್ರೀಮ್. ಮೈಯೆಲ್ಲ ಕರಿ ಮಾಡ್ಕೊಂಡು ದುಡಿದವರು ಕೇಳಿ ಪಡೆದ ಬಿಳೀ ಕಾಂಕ್ರೀಟಿನ ಶಿಲ್ಪ ಅದು. ಕಲಾವಿದರೂ ಮೊದಲ ಯೋಚನೆ ಬಿಟ್ಟು ಹೊಸದಾಗಿ ಶುರು ಮಾಡಿದ್ರಲ್ಲ, ಅವರಿಗೂ ಗೌರವ ಸಲ್ಲಬೇಕು.

ಇನ್ನೊಂದು ವಿಷಯ, ಇದನ್ನ ಮರ ನೆಡೋ ಉತ್ಸಾಹದವರಿಗೆ ಹೇಳೋದು ಸ್ವಲ್ಪ ಕಷ್ಟ. ಎಲ್ಲಾ ಕಡೆ ಮರ ನೆಡಬಾರದು. ಬಡ ನೆಲ, ಬೋಳು ಕಲ್ಲು, ಅಲ್ಲಲ್ಲಿ ಹಳದಿ ಹೂವು, ನಿಂತ ನೀರು, ಇದೆಲ್ಲ ಸೇರಿದ ಗುಡ್ಡೆಗಳಲ್ಲಿ ಯಾರೂ ಏನೂ ಮಾಡದೆ ಬಂದ ಜೀವಗಳಿವೆ. ಡಿಂಗಿ ಸ್ಕಿಪ್ಪರ್ ಅಂತ ಒಂದು ಸಣ್ಣ ಕಂದು ಚಿಟ್ಟೆ, ಅದರ ಹುಳು ತಿನ್ನೋ ಬರ್ಡ್ಸ್‌ಫುಟ್ ಟ್ರೆಫಾಯಿಲ್ ಗಿಡ ಇಂಥಾ ಬಡ ನೆಲದಲ್ಲೇ ಚೆನ್ನಾಗಿ ಹಬ್ಬೋದು, ಬಿಸಿಲಿಗೆ ಕಾದ ಕಪ್ಪು ಕಲ್ಲಿನ ಮೇಲೆ ಆ ಚಿಟ್ಟೆ ರೆಕ್ಕೆ ಚಾಚಿ ಕೂತ್ಕೊಳ್ಳುತ್ತೆ. ಅಲ್ಲಿ ಫಲವತ್ತಾದ ಮಣ್ಣು ಸುರಿದು ಸಾಲು ಗಿಡ ನೆಟ್ರೆ ಕೆಲವೇ ವರ್ಷದಲ್ಲಿ ನೆರಳಾಗಿ ಅದು ಮಾಯ. ಈಗ ಇಂಥಾ ಜಾಗಗಳನ್ನ ಬ್ರಿಟನ್ನಿನ ಆದ್ಯತೆಯ ಆವಾಸಗಳ ಪಟ್ಟಿಗೆ ಸೇರಿಸಿದ್ದಾರೆ. ನಮ್ಮ ಗುಂಪಲ್ಲೂ ಒಂದು ಬೋಳು ಇಳಿಜಾರನ್ನ ಹಂಗೇ ಬಿಡ್ಬೇಕು ಅಂತ ವಾದ ಆಯ್ತು, ಬಿಟ್ವಿ, ಈಗ ನಾವೇ ಅಲ್ಲಿ ತಾನಾಗಿ ಹುಟ್ಟೋ ಬರ್ಚ್ ಸಸಿ ಕೀಳ್ತೀವಿ.

ನೀರಿನ ವಿಷಯ ಬೇಗ ಹೇಳಿಬಿಡ್ತೀನಿ. ಗಣಿ ನಡೆಯೋವಾಗ ಪಂಪು ಹಗಲೂ ರಾತ್ರಿ ಓಡುತ್ತೆ, ಮುಚ್ಚಿದ ಮೇಲೆ ಪಂಪು ನಿಲ್ಲುತ್ತೆ, ಸುರಂಗ ತುಂಬಿ ವರ್ಷಗಳ ಮೇಲೆ ಕಿತ್ತಳೆ ಬಣ್ಣದ ಕಬ್ಬಿಣದ ನೀರು ಹಳ್ಳಕ್ಕೆ ಉಕ್ಕುತ್ತೆ. ಅದನ್ನ ಮೆಟ್ಟಿಲ ಮೇಲೆ ಹರಿಸಿ ಗಾಳಿ ತಾಗಿಸಿ, ಕೊಳದಲ್ಲಿ ಕಬ್ಬಿಣ ತಳಕ್ಕೆ ಕೂರಿಸಿ, ಆಪಿನ ಹುಲ್ಲಿನ ಮಡಿಗಳಲ್ಲಿ ಸೋಸಿ ಬಿಡ್ತಾರೆ. ಬ್ರಿಟನ್ನಿನಲ್ಲಿ ಇಂಥಾ 80ಕ್ಕೂ ಹೆಚ್ಚು ಕೇಂದ್ರಗಳು ಸರ್ಕಾರದ ಸಂಸ್ಥೆಯೊಂದರ ಕೈಯಲ್ಲಿ ನಡೀತಿವೆ, ಇವನ್ನ ಇಷ್ಟು ವರ್ಷಕ್ಕೆ ಸಾಕು ಅಂತ ನಿಲ್ಲಿಸೋ ಹಂಗಿಲ್ಲ.

ದುಡ್ಡಿನ ಮಾತು ಬಂದಾಗ ಮಾತ್ರ ನಂಗೆ ಸಿಟ್ಟು ಬರುತ್ತೆ. ಗಣಿ ತೋಡುವಾಗ "ಮುಗಿದ ಮೇಲೆ ಚೆನ್ನಾಗಿ ಮಾಡಿ ಕೊಡ್ತೀವಿ" ಅಂತ ಬರ್ಕೊಟ್ಟಿರ್ತಾರೆ. ಸ್ಕಾಟ್ಲೆಂಡಿನಲ್ಲಿ 2013ರಲ್ಲಿ ದೊಡ್ಡ ಓಪನ್‌ಕಾಸ್ಟ್ ಕಂಪನಿಗಳು ದಿವಾಳಿ ಎದ್ವು, ಗುಂಡಿಗಳು ಬಾಯಿ ತೆರ್ಕೊಂಡು ಉಳಿದ್ವು, ಭದ್ರತೆಗೆ ಇಟ್ಟಿದ್ದ ಹಣ ಸಾಲದೆ ಹೋಯ್ತು. ವೇಲ್ಸಿನ ಮೆರ್ಥರ್ ಟಿಡ್ಫಿಲ್ ಮೇಲಿನ ಫೋಸ್-ಇ-ಫ್ರಾನ್ ಗಣಿ 2023ರ ನವೆಂಬರಲ್ಲಿ ನಿಂತಿತು, ಪೂರ್ತಿ ಸರಿ ಮಾಡೋಕೆ 100 ಮಿಲಿಯನ್ ಪೌಂಡ್ ದಾಟುತ್ತೆ ಅನ್ನೋ ಅಂದಾಜು, ಎತ್ತಿಟ್ಟಿರೋದು 15 ಮಿಲಿಯನ್. ಮೊದಲು ಕೊಟ್ಟ ಮಾತಿಗಿಂತ ಕಮ್ಮಿ ಕೆಲಸದ ಪ್ಲಾನು ಬಂದ್ರೆ ಆ ಊರಿನವರಿಗೆ ಏನನ್ನಿಸಬೇಕು? ಹಣ ಮೊದಲೇ, ಕಲ್ಲಿದ್ದಲು ಮಾರ್ತಿರೋವಾಗಲೇ, ಕಂಪನಿ ಮುಟ್ಟೋಕಾಗದ ಕಡೆ ಕೂಡಬೇಕು. ಕೆಲಸವೂ ಗಣಿ ಜೊತೆಜೊತೆಗೇ ಆಗ್ಬೇಕು. ನಾರ್ತಂಬರ್ಲೆಂಡಿನ ಕ್ರ್ಯಾಮ್ಲಿಂಗ್ಟನ್ ಹತ್ರ 2012ರಲ್ಲಿ ತೆರೆದ ನಾರ್ತಂಬರ್ಲೆಂಡಿಯಾ ಅನ್ನೋ ಮಲಗಿದ ಹೆಂಗಸಿನ ಆಕಾರದ ದಿಬ್ಬ ಹಂಗೆ ಆಗಿದ್ದು, ಗಣಿ ಇನ್ನೂ ನಡೀತಿರೋವಾಗಲೇ ಅದರ 15 ಲಕ್ಷ ಟನ್ ಕಲ್ಲು ಮಣ್ಣಲ್ಲಿ ಕಟ್ಟಿದ್ದು. ನೋಡ್ಕೊಳ್ಳೋಕೆ ದುಡ್ಡು ಹೇಗೆ ಅನ್ನೋದಕ್ಕೂ ಒಂದು ದಾರಿ ಇದೆ. ಲ್ಯಾಂಡ್ ಟ್ರಸ್ಟ್ ಅನ್ನೋ ಸಂಸ್ಥೆ ಜಾಗ ತಗೊಳ್ಳೋವಾಗಲೇ ಒಂದು ಇಡುಗಂಟು ಕೇಳುತ್ತೆ, ಅದರ ಬಡ್ಡಿ ಆದಾಯದಲ್ಲಿ ಬೇಲಿ, ದಾರಿ, ಮರ ನೋಡ್ಕೊಳ್ಳುತ್ತೆ. ಕೌನ್ಸಿಲ್ ಬಜೆಟ್ ಕಡಿತ ಆದಾಗಲೂ ಹುಲ್ಲು ಕೊಯ್ಯೋರು ಬರ್ತಾರೆ ಅನ್ನೋ ಧೈರ್ಯ ಇರುತ್ತೆ.

ಇತ್ತೀಚೆಗೆ ನಮ್ಮ ಕಾಡಲ್ಲಿ ಮರ ಕಡಿಯೋಕೆ ಶುರು ಮಾಡಿದಾಗ ದಿನಾ ಬರೋ ಒಬ್ಬರು ಅಮ್ಮ ನಮ್ಮನ್ನ ತಡೆದು ಜೋರಾಗಿ ಬೈದ್ರು, ನೆಟ್ಟವರೇ ಕಡೀತೀರಲ್ಲ ಅಂತ. ಅವರ ಸಂಕಟ ನಂಗೆ ಅರ್ಥ ಆಗುತ್ತೆ, ಅವರ ಮಗ ಚಿಕ್ಕವನಿದ್ದಾಗ ನೆಟ್ಟ ಮರಗಳಂತೆ. ಎರಡು ಮೀಟರಿಗೊಂದು ನೆಟ್ಟ ಸಸಿ ಹದಿನೈದು ಇಪ್ಪತ್ತು ವರ್ಷಕ್ಕೆ ಒಂದಕ್ಕೊಂದು ಒತ್ತಿ ಕಡ್ಡಿ ಥರ ಮೇಲಕ್ಕೆ ಎಳೆಯುತ್ತೆ, ಒಳಗೆ ಕತ್ತಲು, ನೆಲದಲ್ಲಿ ಏನೂ ಹುಟ್ಟಲ್ಲ, ಅದಕ್ಕೆ ಕೆಲವನ್ನ ತೆಗೆದು ಉಳಿದವಕ್ಕೆ ಜಾಗ ಬೆಳಕು ಕೊಡ್ಬೇಕು ಅಂತ ಹೇಳಿದ್ವಿ. ಅವರು ಪೂರ್ತಿ ಒಪ್ಪಲಿಲ್ಲ, ಆದ್ರೆ ಮುಂದಿನ ವಾರ ಬಂದು ಕಡಿದ ಕೊಂಬೆ ರಾಶಿ ಹಾಕೋಕೆ ಕೈ ಜೋಡಿಸಿದ್ರು. ಈಗ ಬೆಳಕು ಬಿದ್ದ ಕಡೆ ಬ್ಲೂಬೆಲ್ ಬೀಜ ಚೆಲ್ಲೋ ಯೋಚನೆ ಇದೆ, ಯಾಕಂದ್ರೆ ಅದು ಹಳೇ ಕಾಡಿನ ಹೂವು, ಹೊಸ ಕಾಡಿಗೆ ತಾನಾಗಿ ಬರೋದು ತುಂಬಾ ನಿಧಾನ. ಬೀಜದಿಂದ ಹೂ ಬಿಡೋಕೆ ನಾಲ್ಕೈದು ವರ್ಷ ಬೇಕು. ಬೀಜ ಯಾವ ಕಾಡಿಂದ, ಯಾರ ಅನುಮತಿ ತಗೊಂಡು ತರೋದು ಅನ್ನೋದೇ ಮುಂದಿನ ಮೀಟಿಂಗ್ ವಿಷಯ.